ಒಂದೇ ಪುಡಿ, ಎರಡು ತಾಪಮಾನ: ಯಾವ ಟಿಜಿಎ ಸರಿ?

ಪ್ರಶ್ನೆ: ಒಂದೇ ಸ್ಯಾಂಪಲ್ಲನ್ನು ಎರಡು ಲ್ಯಾಬ್‌ಗಳಲ್ಲಿ ಟಿಜಿಎ (ಬಿಸಿ ಮಾಡುತ್ತಾ ತೂಕ ಹೇಗೆ ಬದಲಾಗುತ್ತದೆ ಅಂತ ಅಳೆಯುವ ಪರೀಕ್ಷೆ) ಮಾಡಿಸಿದೆ. ವಿಘಟನೆಯ, ಅಂದರೆ ಬಿಸಿಗೆ ವಸ್ತು ಒಡೆಯುವ, ತಾಪಮಾನ ಬೇರೆ ಬೇರೆ ಬಂತು. ಯಾರದ್ದು ತಪ್ಪು?

ಯಾರದ್ದೂ ತಪ್ಪಿರಲಿಕ್ಕಿಲ್ಲ. ಇದಕ್ಕೆ ಎಷ್ಟು ಸಲ ಉತ್ತರ ಬರೆದರೂ ಪ್ರಶ್ನೆ ಮತ್ತೆ ಬರುತ್ತದೆ. ಕಾರಣ ಒಂದೇ ನಂಬಿಕೆ: ಕರಗುವ ಬಿಂದುವಿನ ಹಾಗೆ ವಿಘಟನೆಗೂ ಒಂದು ಗೊತ್ತಾದ ತಾಪಮಾನ ಇದೆ ಅನ್ನುವುದು. ಇಲ್ಲ. ದಯವಿಟ್ಟು ಇದನ್ನು ಬಿಡಿ.

10 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ತಗೊಳ್ಳಿ. ನೈಟ್ರೋಜನ್ ಹರಿಸುತ್ತಾ ನಿಮಿಷಕ್ಕೆ 10 ಡಿಗ್ರಿಯಂತೆ ಬಿಸಿ ಮಾಡಿದರೆ 600 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ಗ್ರಾಫಿನಲ್ಲಿ ತೂಕದ ಗೆರೆ ಇಳಿಯಲು ಶುರು. ಅದೇ ಪುಡಿಗೆ ಶುದ್ಧ ಕಾರ್ಬನ್ ಡೈಆಕ್ಸೈಡ್ ಹರಿಸಿ. ಸುಮಾರು 900ರ ತನಕ ಗೆರೆ ಅಲ್ಲಾಡುವುದೇ ಇಲ್ಲ! ಪುಡಿ ಬದಲಾಗಿಲ್ಲ, ಸುತ್ತಲಿನ ಗಾಳಿ ಬದಲಾಗಿದೆ ಅಷ್ಟೇ. ಕಾರ್ಬೊನೇಟ್ ಒಡೆದಾಗ ಹೊರಬೀಳುವುದು ಕಾರ್ಬನ್ ಡೈಆಕ್ಸೈಡ್, ಮತ್ತು ಈ ಕ್ರಿಯೆ ಹಿಂದಕ್ಕೂ ನಡೆಯುತ್ತದೆ. ಹೊರಬಿದ್ದ ಅನಿಲವನ್ನು ನೈಟ್ರೋಜನ್ ಗುಡಿಸಿಕೊಂಡು ಹೋಗುತ್ತದೆ, ಹಾಗಾಗಿ ಒಡೆಯುವುದು ಸಲೀಸು. ಸುತ್ತ ಅದೇ ಅನಿಲ ತುಂಬಿದ್ದರೆ ಒಡೆಯಲು ಬಿಡುವುದಿಲ್ಲ.

ಆದರೆ ಎರಡು ಸಲವೂ ಕಳೆದುಹೋಗುವುದು 4.4 ಮಿಲಿಗ್ರಾಂ. ಶೇಕಡಾ 44. ಗೆರೆಯ ಈ ಇಳಿತ ಒಂದು ಮೆಟ್ಟಿಲಿನ ಹಾಗೆ ಕಾಣುತ್ತದೆ; ವಸ್ತುವಿನ ಸ್ವಂತ ಗುರುತು ಅಂದರೆ ಈ ಮೆಟ್ಟಿಲಿನ ಎತ್ತರ. ಮೊದಲು ಅದನ್ನು ಹೋಲಿಸಿ ನೋಡಿ.

ಬಿಸಿ ಮಾಡುವ ವೇಗ ಹೆಚ್ಚಿಸಿದರೂ, ಪುಡಿ ಜಾಸ್ತಿ ಹಾಕಿದರೂ, ಪುಡಿ ಇಡುವ ಪ್ಯಾನಿಗೆ ಮುಚ್ಚಳ ಇಟ್ಟರೂ ಮೆಟ್ಟಿಲು ಬಲಕ್ಕೆ, ಅಂದರೆ ಹೆಚ್ಚಿನ ತಾಪಮಾನದ ಕಡೆಗೆ, ಸರಿಯುತ್ತದೆ. ಒಂದು ಲ್ಯಾಬ್ ಇಳಿತ ಶುರುವಾದ ತಾಪಮಾನ ಬರೆದು, ಇನ್ನೊಂದು ಇಳಿತ ಅತಿ ಜೋರಾಗಿದ್ದ ತಾಪಮಾನ ಬರೆದಿದ್ದರಂತೂ ಹೊಂದುವುದೇ ಇಲ್ಲ. ಇದೆಲ್ಲ ಬರೆಯದ ರಿಪೋರ್ಟನ್ನು ನಾನು ಅರ್ಧ ರಿಪೋರ್ಟ್ ಅಂತಲೇ ಕರೆಯುತ್ತೇನೆ.

ಹಾಗಾದ್ರೆ ಯಂತ್ರ ತೋರಿಸುವ ತಾಪಮಾನವಾದರೂ ನಿಜವೇ? ಯಾರೂ ಕೇಳುವುದಿಲ್ಲ, ಕೇಳಬೇಕಿತ್ತು. ಇದನ್ನು ಪರೀಕ್ಷಿಸುವ ಒಂದು ಉಪಾಯ ನನಗೆ ತುಂಬಾ ಇಷ್ಟ. ಪ್ಯಾನಿನಲ್ಲಿ ನಿಕ್ಕಲ್ ಚೂರು ಇಟ್ಟು, ಕುಲುಮೆಯ ಕೆಳಗೆ ಅಯಸ್ಕಾಂತ ಇಡುತ್ತಾರೆ. ಅದರ ಎಳೆತಕ್ಕೆ ನಿಕ್ಕಲ್ ಇರುವುದಕ್ಕಿಂತ ಭಾರ ತೂಗುತ್ತದೆ. ಸುಮಾರು 355 ಡಿಗ್ರಿಗೆ ನಿಕ್ಕಲ್ ಅಯಸ್ಕಾಂತದ ಎಳೆತಕ್ಕೆ ಸಿಗುವ ಗುಣ ಕಳೆದುಕೊಳ್ಳುತ್ತದೆ, ತೂಕದ ಗೆರೆ ದಿಢೀರ್ ಅಂತ ಬೀಳುತ್ತದೆ. ಚೂರಿನಿಂದ ಒಂದು ಕಣವೂ ಹೋಗಿಲ್ಲ! ಕಬ್ಬಿಣದಲ್ಲಿ ಇದೇ ಆಗುವುದು 770ರ ಹತ್ತಿರ. ಯಂತ್ರ ಬೇರೆ ಅಂಕಿ ತೋರಿಸಿದರೆ ಅದನ್ನು ಸರಿಪಡಿಸಬೇಕು. ಆದರೆ ನಿಮ್ಮ ಸ್ಯಾಂಪಲ್ಲಿಗೆ ಬಳಸುವ ವೇಗದಲ್ಲೇ ಈ ಪರೀಕ್ಷೆ ಮಾಡಿ. ವೇಗ ಬದಲಾದರೆ ಇದೂ ಸರಿಯುತ್ತದೆ.