ವಿಂಡೋ ಪ್ರೋಗ್ರಾಮಿಂಗ್‌ನ ಮೊದಲ ಪಾಠ: ಬ್ರಾಕೆಟ್ ಹಾಕಬಾರದ ಜಾಗ

ಕಪ್ಪು ಪರದೆಯಲ್ಲಿ ಓಡುವ ಪೈಥಾನ್ ಪ್ರೋಗ್ರಾಮುಗಳನ್ನು ಬರೆಯಬಲ್ಲವರು ಬಟನ್, ಬಾಕ್ಸ್‌ಗಳಿರುವ ವಿಂಡೋ ಮಾಡಲು ಹೊರಟಾಗ ಮೊದಲು ಬದಲಿಸಿಕೊಳ್ಳಬೇಕಾದದ್ದು ಕ್ರಮದ ಕಲ್ಪನೆಯನ್ನು. ಇದುವರೆಗೆ ಪ್ರೋಗ್ರಾಮ್ ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ಇಳಿಯುತ್ತ, ಬೇಕಾದಲ್ಲಿ ನಿಂತು ಉತ್ತರ ಕೇಳುತ್ತಿತ್ತು. ವಿಂಡೋದಲ್ಲಾದರೆ ಯಾವ ಬಾಕ್ಸನ್ನು ಮೊದಲು ತುಂಬಬೇಕು, ಯಾವ ಬಟನ್ನನ್ನು ಯಾವಾಗ ಒತ್ತಬೇಕು ಎಂಬುದನ್ನು ಬಳಸುವವರೇ ತೀರ್ಮಾನಿಸುತ್ತಾರೆ. ನಾವು ಎಲ್ಲವನ್ನೂ ಜೋಡಿಸಿಟ್ಟು ಕಾಯಬೇಕು.

ಕಲಿಕೆಗೆ ವಿಂಡೋ ರಚಿಸುವ ಟಿಕಿಂಟರ್ ಎಂಬ ಪೈಥಾನ್ ಮಾಡ್ಯೂಲ್ ಸಾಕು. ಜಾನ್ ಔಸ್ಟರ್‌ಹೌಟ್ ತಮ್ಮ ಟಿಸಿಎಲ್ ಭಾಷೆಗಾಗಿ ರೂಪಿಸಿದ ಟಿಕೆ ಎಂಬ ಸಾಧನವನ್ನು ಇದು ಪೈಥಾನ್‌ಗೆ ಒದಗಿಸುತ್ತದೆ. ವಿಂಡೋಸ್‌ನಲ್ಲಿ ಪೈಥಾನ್ ಜೊತೆಗೇ ಬರುವುದರಿಂದ, ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುವ ಕೊಡಗಿನಲ್ಲಿ ಬೇರೇನನ್ನೂ ಡೌನ್‌ಲೋಡ್ ಮಾಡದೆ ಅಭ್ಯಾಸ ಮುಂದುವರಿಸಬಹುದು. ಉಬುಂಟುವಿನಲ್ಲಿ ಮಾತ್ರ ಇದನ್ನು ಪ್ರತ್ಯೇಕವಾಗಿ ಹಾಕಿಕೊಳ್ಳಬೇಕಾಗುತ್ತದೆ.

ಉದಾಹರಣೆಗೆ, ಕಣದಲ್ಲಿ ಒಣಗಿದ ರೊಬಸ್ಟಾ ಕಾಫಿ ಚೆರಿಯ ತೂಕ ಕೊಟ್ಟರೆ 50 ಕೆ.ಜಿ.ಯ ಚೀಲಗಳೆಷ್ಟು ಎಂದು ಹೇಳುವ ವಿಂಡೋ. ಎರಡು ತೂಕಗಳನ್ನು ಬರೆದು ಕೂಡಿಸಲು ಎರಡು ಎಂಟ್ರಿ, ಅಂದರೆ ಬರೆಯುವ ಬಾಕ್ಸ್, ಒಂದು ಬಟನ್, ಉತ್ತರ ತೋರಿಸಲು ಒಂದು ಲೇಬಲ್. ಇವನ್ನು ಅಡ್ಡಸಾಲು, ಕಂಬಸಾಲುಗಳಲ್ಲಿ ಇಡುವ ಗ್ರಿಡ್‌ನಿಂದ ಜೋಡಿಸಿ. ಒಂದೇ ಚೌಕಟ್ಟಿನೊಳಗೆ ಗ್ರಿಡ್ ಮತ್ತು ಜೋಡಿಸುವ ಇನ್ನೊಂದು ವಿಧಾನವಾದ ಪ್ಯಾಕ್ ಎರಡನ್ನೂ ಬೆರೆಸಬಾರದು. ಎಂಟ್ರಿಯಿಂದ ಬರುವುದು ಅಕ್ಷರಗಳೇ ಹೊರತು ಸಂಖ್ಯೆಯಲ್ಲ. 620 ಮತ್ತು 640ನ್ನು ಹಾಗೆಯೇ ಕೂಡಿಸಿದರೆ 620640 ಬರುತ್ತದೆ. ಫ್ಲೋಟ್ ಮೂಲಕ ಪರಿವರ್ತಿಸಿದ ಮೇಲಷ್ಟೇ 1260, ಅಂದರೆ 25 ಚೀಲ ಮತ್ತು ಉಳಿಕೆ 10 ಕೆ.ಜಿ. ಸಿಗುತ್ತದೆ. ೬೨೦ ಎಂದು ಕನ್ನಡ ಅಂಕಿಗಳಲ್ಲಿ ಬರೆದರೂ ಫ್ಲೋಟ್ ಅದನ್ನು ಸಂಖ್ಯೆಯಾಗಿ ಒಪ್ಪುತ್ತದೆ ಎಂಬುದು ಸಂತೋಷದ ವಿಷಯ.

ಹೆಚ್ಚಿನವರು ಎಡವುವುದು, ಒತ್ತಿದಾಗ ಯಾವ ಫಂಕ್ಷನ್ ಓಡಬೇಕೆಂದು ಹೇಳುವ, ಬಟನ್ನಿನ ಕಮಾಂಡ್ ಎಂಬ ಆಯ್ಕೆಯಲ್ಲಿ. ಲೆಕ್ಕ ಮಾಡುವ ಫಂಕ್ಷನ್ನಿಗೆ ‘ಲೆಕ್ಕ’ ಎಂದೇ ಹೆಸರಿಡೋಣ. ಪೈಥಾನ್ 3ರಲ್ಲಿ ಕನ್ನಡ ಹೆಸರು ಸಲ್ಲುತ್ತದೆ. ಕಮಾಂಡ್‌ಗೆ ‘ಲೆಕ್ಕ’ ಎಂದು ಕೊಡಬೇಕು, ‘ಲೆಕ್ಕ()’ ಎಂದಲ್ಲ. ಬ್ರಾಕೆಟ್ ಇಲ್ಲದ ಹೆಸರು ಫಂಕ್ಷನ್ನನ್ನೇ ಬಟನ್ನಿನ ಕೈಗೆ ಒಪ್ಪಿಸುತ್ತದೆ, ಮತ್ತು ಒತ್ತಿದಾಗ ಅದನ್ನು ಕರೆಯುವ ಹೊಣೆ ಟಿಕಿಂಟರ್‌ನದಾಗುತ್ತದೆ. ಬ್ರಾಕೆಟ್ ಹಾಕಿದರೆ ಬಟನ್ ತಯಾರಾಗುವ ಮೊದಲೇ ಫಂಕ್ಷನ್ ಓಡಿಹೋಗಿ, ಅದು ಹಿಂತಿರುಗಿಸಿದ್ದು ಮಾತ್ರ ಕಮಾಂಡ್‌ಗೆ ಸಿಗುತ್ತದೆ. ಆ ಹೊತ್ತಿಗೆ ಎಂಟ್ರಿ ಖಾಲಿಯಿರುವುದರಿಂದ ನಮ್ಮ ಪ್ರೋಗ್ರಾಮ್ ವ್ಯಾಲ್ಯೂ ಎರರ್ ತೋರಿಸಿ ನಿಲ್ಲುತ್ತದೆ. ಇದು ಒಳ್ಳೆಯದೇ, ಏಕೆಂದರೆ ತಪ್ಪು ಕಣ್ಣಿಗೆ ಬೀಳುತ್ತದೆ. ಕೇವಲ ಒಂದು ಸಂದೇಶವನ್ನು ಪ್ರಿಂಟ್ ಮಾಡುವ ಫಂಕ್ಷನ್ ಆಗಿದ್ದರೆ ಸಂದೇಶ ಆರಂಭದಲ್ಲೊಮ್ಮೆ ಬಂದು, ಹಿಂತಿರುಗಿದ್ದು ‘ಏನೂ ಇಲ್ಲ’ ಎಂಬರ್ಥದ None ಆಗಿರುವುದರಿಂದ, ಬಟನ್ ಎಷ್ಟು ಒತ್ತಿದರೂ ಏನೂ ಆಗುವುದಿಲ್ಲ, ಎರರ್ ಕೂಡ ಬರುವುದಿಲ್ಲ. ಆದ್ದರಿಂದ ಸುಮ್ಮನಿರುವ ಬಟನ್ ಕಂಡರೆ ಮೊದಲು ಬ್ರಾಕೆಟ್ ನೋಡಿ. ಚೀಲದ ತೂಕವನ್ನೂ ಫಂಕ್ಷನ್ನಿಗೆ ಕಳುಹಿಸಬೇಕಿದ್ದರೆ ‘lambda: ಲೆಕ್ಕ(50)’ ಎಂದು ಬರೆಯಬೇಕು, ಆಗ ಬಟನ್ನಿಗೆ ಸಿಗುವುದು ಲ್ಯಾಂಬ್ಡಾ ಎಂಬ ಹೆಸರಿಲ್ಲದ ಫಂಕ್ಷನ್, ಒಳಗಿನ ಕರೆ ಒತ್ತುವವರೆಗೂ ಕಾಯುತ್ತದೆ.

ಪ್ರೋಗ್ರಾಮಿನ ಕೊನೆಯ ಸಾಲಿನಲ್ಲಿ ಬರೆಯುವ, ವಿಂಡೋವನ್ನು ತೆರೆದಿಟ್ಟು ಕಾಯುವ ಮೇನ್‌ಲೂಪ್ ತೋಟದ ಲೆಕ್ಕ ಬರೆಯುವ ರೈಟರಂತೆ ಕೆಲಸ ಮಾಡುತ್ತದೆ. ಚೀಲ ಹೊತ್ತು ಬಂದವರದ್ದನ್ನು ತೂಗಿ, ಪುಸ್ತಕದಲ್ಲಿ ಬರೆದು, ಮುಂದಿನವರನ್ನು ಕರೆಯುವುದು ಅವರ ಕೆಲಸ. ಒಬ್ಬರ ಬಳಿಯೇ ನಿಂತುಬಿಟ್ಟರೆ ಸಾಲು ಕದಲುವುದಿಲ್ಲ. ಕ್ಲಿಕ್, ಕೀಲಿಯೊತ್ತು, ವಿಂಡೋವನ್ನು ಮತ್ತೆ ಬಿಡಿಸುವ ಕೆಲಸ, ಎಲ್ಲವೂ ಇದೇ ಸಾಲಿನಲ್ಲಿರುವುದರಿಂದ, ನಮ್ಮ ಫಂಕ್ಷನ್ನಿನೊಳಗೆ ಟೈಮ್ ಮಾಡ್ಯೂಲಿನ ಸ್ಲೀಪ್ ಬಳಸಿ ಹತ್ತು ಸೆಕೆಂಡು ಕಾಯಿಸಿದರೆ ಅಷ್ಟೂ ಹೊತ್ತು ವಿಂಡೋ ಸ್ತಬ್ಧವಾಗಿ, ವಿಂಡೋಸ್ ಅದರ ಮೇಲೆ ‘ಪ್ರತಿಕ್ರಿಯಿಸುತ್ತಿಲ್ಲ’ ಎಂಬರ್ಥದ ಸೂಚನೆ ಹಾಕುತ್ತದೆ. ಕಾಯಬೇಕಾದಲ್ಲಿ, ಹೇಳಿದಷ್ಟು ಹೊತ್ತಿನ ನಂತರ ಫಂಕ್ಷನ್ನನ್ನು ಕರೆಯುವ, ಟಿಕಿಂಟರ್‌ನ ಆಫ್ಟರ್ ಬಳಸಿ. ಇದಕ್ಕೆ ಸಮಯವನ್ನು ಮಿಲಿಸೆಕೆಂಡುಗಳಲ್ಲಿ ಕೊಡಬೇಕು, ಒಂದು ಸೆಕೆಂಡಿಗೆ 1000. ಫಂಕ್ಷನ್ನನ್ನು ಇಲ್ಲಿಯೂ ಬ್ರಾಕೆಟ್ ಇಲ್ಲದೆ ಕೊಡಬೇಕು. ಆಫ್ಟರ್ ಒಮ್ಮೆ ಮಾತ್ರ ಕರೆಯುವುದರಿಂದ, ವಿಂಡೋದ ಮೂಲೆಯಲ್ಲಿ ಗಡಿಯಾರ ಓಡಿಸುವವರು ಸಮಯ ಬದಲಿಸುವ ಫಂಕ್ಷನ್ನಿನ ಕೊನೆಯಲ್ಲಿ ಅದೇ ಫಂಕ್ಷನ್ನಿಗೆ ಮತ್ತೊಂದು ಆಫ್ಟರ್ ಬರೆಯಬೇಕು.