ಅಬ್ಬಾ ಅಂದರೆ ಕೇಳಿಸುತ್ತದೆ, ಸಾಕು ಅಂದರೆ ಕೇಳಿಸಲ್ಲ

ಬಳ್ಳಾರಿಯಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ ಯಾರೇ ನನ್ನ ಕ್ಲಿನಿಕ್ಕಿನ ಮೆಟ್ಟಿಲು ಹತ್ತಿ ಬಂದರೂ ಮೊದಲ ಮಾತು ಒಂದೇ. "ಅಬ್ಬಾ, ಏನ್ ಬಿಸಿಲ್ರೀ!" ತೆಲುಗಿನವರೂ ಹಾಗೇ ಅನ್ನುತ್ತಾರೆ. ಕೌಲ್ ಬಜಾರ್ ಕಡೆಯಿಂದ ಬರುವ ಮುಸ್ಲಿಂ ಮನೆಗಳ ಮಕ್ಕಳು ಅಪ್ಪನನ್ನು ಕರೆಯುವುದೂ ಅಬ್ಬಾ ಅಂತಲೇ. ದಿನಕ್ಕೆ ಕಡಿಮೆ ಅಂದರೂ ಇಪ್ಪತ್ತು ಸಲ ಆ ಶಬ್ದ ಕಿವಿಗೆ ಬೀಳುತ್ತದೆ, ಇಪ್ಪತ್ತು ಸಲವೂ ನನ್ನ ಗಮನ ಒಂದು ಕ್ಷಣ ಆ ಕಡೆ ಹೋಗಿ ಬರುತ್ತದೆ. ನನಗೆ ಅಬ್ಬಾ ಅಂದರೆ ಸ್ವೀಡನ್ನಿನ ಪಾಪ್ ಹಾಡಿನ ತಂಡದ ಆ ನಾಲ್ಕು ಜನ. ಆಗ್ನೆತಾ, ಬ್ಯೋರ್ನ್, ಬೆನ್ನಿ, ಆನಿ-ಫ್ರಿಡ್. ನಾಲ್ವರ ಹೆಸರಿನ ಮೊದಲ ಇಂಗ್ಲಿಷ್ ಅಕ್ಷರ ಎ, ಬಿ, ಬಿ, ಎ ಸೇರಿಸಿ ಮಾಡಿಕೊಂಡ ಹೆಸರು ಅದು.

ನಾನು ಆಡಿಯಾಲಜಿಸ್ಟ್. ಕಿವಿ ಎಷ್ಟು ಕೇಳಿಸುತ್ತದೆ ಎಂದು ಅಳೆಯುವುದು, ಬೇಕಾದವರಿಗೆ ಶ್ರವಣ ಸಾಧನ ಹೊಂದಿಸಿ ಕೊಡುವುದು ನನ್ನ ಕೆಲಸ. ಅಬ್ಬಾ ಹುಚ್ಚು ಹಿಡಿಸಿದ್ದು ಅಣ್ಣ. 1983ರಲ್ಲಿ ಬೆಂಗಳೂರಿಗೆ ಹೋದವನು ಒಂದು ಕ್ಯಾಸೆಟ್ ತಂದ. ನನಗಾಗ ಹನ್ನೆರಡು. ಆ ಕ್ಯಾಸೆಟ್ ನಮ್ಮ ಮನೆಗೆ ಬರುವಷ್ಟರಲ್ಲಿ ಆ ನಾಲ್ವರು ಒಟ್ಟಿಗೆ ಹಾಡುವುದನ್ನೇ ಬಿಟ್ಟಿದ್ದರು, ನಮಗೆ ಗೊತ್ತಿರಲಿಲ್ಲ. ಒಂದು ಪದದ ಅರ್ಥವೂ ಪೂರ್ತಿ ತಿಳಿಯದೆ ಇಬ್ಬರೂ ಬಾಯಿಪಾಠ ಮಾಡಿದೆವು. ಟೂ-ಇನ್-ಒನ್‌ನಲ್ಲಿ ಟೇಪು ಸಿಕ್ಕಿಹಾಕಿಕೊಂಡರೆ ಪೆನ್ಸಿಲ್ ತೂರಿಸಿ ಸುತ್ತುವುದು ನನ್ನ ಪಾಲಿನ ಕೆಲಸ.

ಅವತ್ತಿನಿಂದ ಇವತ್ತಿನವರೆಗೆ ಆ ಹೆಸರು ಎಲ್ಲಿದ್ದರೂ ನನ್ನ ಕಣ್ಣಿಗೆ, ಕಿವಿಗೆ ಬೀಳುತ್ತದೆ. ಅಣ್ಣನ ಮಗಳು ಪದವಿಯಲ್ಲಿ ಇಂಗ್ಲಿಷ್ ಸಾಹಿತ್ಯ ಓದುವಾಗ ಅವಳ ನೋಟ್ಸ್ ಸುಮ್ನೆ ತಿರುವುತ್ತಿದ್ದೆ. ಇಟಲಿಯ ಕವಿ ಪೆಟ್ರಾರ್ಕನ ಸಾನೆಟ್ ಅನ್ನುವ ಹದಿನಾಲ್ಕು ಸಾಲಿನ ಪದ್ಯಗಳ ಮೊದಲ ಎಂಟು ಸಾಲಿನ ಪ್ರಾಸ ಎಬಿಬಿಎ, ಎಬಿಬಿಎ ಎಂದು ಬರೆದಿತ್ತು, ಇಡೀ ಪುಟದಲ್ಲಿ ನನಗೆ ಕಂಡಿದ್ದು ಅದೊಂದೇ. ಹೋದ ವರ್ಷ ಬೆಂಗಳೂರು ರೋಡಿನ ಬಟ್ಟೆ ಅಂಗಡಿಯೊಂದರಲ್ಲಿ ರಾಶಿ ಹಾಕಿದ್ದ ಟೀ ಶರ್ಟುಗಳ ನಡುವೆ ಕಪ್ಪು ಬಟ್ಟೆಯ ಒಂದು ಮೂಲೆ ಮಾತ್ರ ಹೊರಗಿತ್ತು, ಅದರಲ್ಲಿ ಉಲ್ಟಾ ತಿರುಗಿದ ಒಂದು ಬಿ ಅಕ್ಷರ. ಎಳೆದು ನೋಡಿದರೆ ಅದೇ! ಅಂಗಡಿಯ ಹುಡುಗ ಪಾಪ, "ಪ್ರಿಂಟ್ ಉಲ್ಟಾ ಬಿದ್ದೈತೆ ಮೇಡಂ, ಐವತ್ತು ಕಮ್ಮಿ ಮಾಡಿ ಕೊಡ್ತೀನಿ" ಅಂದ. ಪ್ರಿಂಟ್ ಸರಿಯಾಗೇ ಇದೆಯಪ್ಪ, 1976ರಿಂದ ಅವರ ಹೆಸರಿನಲ್ಲಿ ಮೊದಲ ಬಿ ಹಿಂದಕ್ಕೇ ತಿರುಗಿರುತ್ತದೆ ಎಂದು ಹೇಳಿ ಪೂರ್ತಿ ದುಡ್ಡು ಕೊಟ್ಟು ತಂದೆ.

2021ರ ನವೆಂಬರಿನಲ್ಲಿ ಅವರು ನಲವತ್ತು ವರ್ಷದ ನಂತರ ಹೊಸ ಆಲ್ಬಂ ತಂದಾಗಂತೂ ಎಲ್ಲಿ ನೋಡಿದರೂ ಅಬ್ಬಾ. ಬಸ್ಸಿನಲ್ಲಿ ಯಾರದೋ ರಿಂಗ್‌ಟೋನ್, ಪೇಪರಿನ ಪದಬಂಧದಲ್ಲಿ ಒಂದು ಸುಳಿವು. ಊರಿಗೇ ಅಬ್ಬಾ ಹಿಡಿದಿದೆಯೇನೋ ಅನ್ನಿಸಿತ್ತು. ಸುದ್ದಿ ಜಾಸ್ತಿ ಇದ್ದಿದ್ದು ನಿಜ. ಅದರ ಜೊತೆಗೆ ನನ್ನ ತಲೆಯೂ ಹುಡುಕುತ್ತಿತ್ತು. ಅಮೆರಿಕದ ಭಾಷಾವಿಜ್ಞಾನಿ ಆರ್ನಾಲ್ಡ್ ಜ್ವಿಕಿ 2005ರಲ್ಲಿ ಇದಕ್ಕೆ ಫ್ರೀಕ್ವೆನ್ಸಿ ಇಲ್ಯೂಷನ್ ಅಂತ ಹೆಸರಿಟ್ಟರು. ಒಂದು ವಿಷಯ ಮನಸ್ಸಿಗೆ ಹತ್ತಿದ ಮೇಲೆ ಅದು ಸಿಕ್ಕ ಸಲವೆಲ್ಲ ಲೆಕ್ಕಕ್ಕೆ ಬರುತ್ತದೆ, ಸಿಗದ ದಿನಗಳು ಲೆಕ್ಕಕ್ಕೇ ಬರಲ್ಲ. ಹೊಸ ಸ್ಕೂಟರ್ ಕೊಂಡವರಿಗೆ ಊರ ತುಂಬ ಅದೇ ಸ್ಕೂಟರ್ ಕಾಣುತ್ತದಲ್ಲ, ಹಾಗೆ.

ಕಿವಿಯ ವಿಷಯಕ್ಕೆ ಬಂದರೆ ಇದು ಇನ್ನೂ ಚೆಂದ. ಕಣ್ಣಿಗೆ ರೆಪ್ಪೆ ಇದೆ, ಕಿವಿಗೆ ಇಲ್ಲ, ಎಲ್ಲ ಶಬ್ದವೂ ಒಳಗೆ ಹೋಗಲೇಬೇಕು. ಒಳಗೆ ಹೋದದ್ದರಲ್ಲಿ ಯಾವುದನ್ನು ನಮಗೆ ಮುಟ್ಟಿಸಬೇಕು ಎಂದು ಆರಿಸುವುದು ಮೆದುಳು. ಬ್ರಿಟನ್ನಿನ ವಿಜ್ಞಾನಿ ಕಾಲಿನ್ ಚೆರ್ರಿ 1953ರಲ್ಲಿ ಇದನ್ನು ಪರೀಕ್ಷಿಸಿ ನೋಡಿದರು. ಎರಡು ಕಿವಿಗೆ ಎರಡು ಬೇರೆ ಮಾತು ಕೇಳಿಸಿ, ಒಂದನ್ನು ಮಾತ್ರ ಜೊತೆಜೊತೆಗೇ ಬಾಯಲ್ಲಿ ಹೇಳಿ ಎಂದರು. ಇನ್ನೊಂದು ಕಿವಿಯಲ್ಲಿ ಮಾತು ನಡುವೆ ಇಂಗ್ಲಿಷಿನಿಂದ ಜರ್ಮನ್‌ಗೆ ತಿರುಗಿದರೂ ಹೆಚ್ಚಿನವರಿಗೆ ಗೊತ್ತಾಗಲಿಲ್ಲ. ಗಂಡಸಿನ ದನಿ ಹೋಗಿ ಹೆಂಗಸಿನ ದನಿ ಬಂದರೆ ಗೊತ್ತಾಗುತ್ತಿತ್ತು. ಆರು ವರ್ಷದ ನಂತರ, 1959ರಲ್ಲಿ, ನೆವಿಲ್ ಮೊರೆ ಅನ್ನುವವರು ಅದೇ ಪರೀಕ್ಷೆಯಲ್ಲಿ ಗಮನ ಕೊಡದ ಕಿವಿಗೆ ಸಾಮಾನ್ಯ ಪದಗಳ ಒಂದು ಪಟ್ಟಿಯನ್ನು 35 ಸಲ ಕೇಳಿಸಿದರು. ಯಾರ ನೆನಪಿನಲ್ಲೂ ಒಂದು ಪದ ಉಳಿಯಲಿಲ್ಲ. ಅದೇ ಕಿವಿಗೆ ಕೇಳುವವರ ಸ್ವಂತ ಹೆಸರು ಹೇಳಿದಾಗ ಮೂವರಲ್ಲಿ ಒಬ್ಬರಿಗೆ ಥಟ್ಟನೆ ಕೇಳಿಸಿತು! ಮದುವೆ ಮನೆಯ ಗದ್ದಲದಲ್ಲಿ ದೂರದ ಪಂಕ್ತಿಯಲ್ಲಿ ಯಾರೋ ನಿಮ್ಮ ಹೆಸರು ಎತ್ತಿದರೆ ಕೈಯಲ್ಲಿನ ತುತ್ತು ನಿಲ್ಲುತ್ತದೆ, ಅಲ್ವಾ? ಬಹಳ ಪ್ರೀತಿಸಿದ ಹೆಸರುಗಳೂ ಹೀಗೆ ತಮ್ಮ ಹೆಸರಿನಷ್ಟೇ ಹತ್ತಿರ ಆಗಿಬಿಡುತ್ತವೆ ಎಂದು ನನಗೆ ದಿನಾ ಅನ್ನಿಸುತ್ತದೆ.

ಈಗ ಅಣ್ಣನ ವಿಷಯ ಹೇಳುತ್ತೇನೆ. ಇದನ್ನು ಬರೆಯಲು ಕೂತಿದ್ದೇ ಅದಕ್ಕೆ.

ಅಣ್ಣ ಸಂಡೂರು ಕಡೆ ಒಂದು ಅದಿರಿನ ಕ್ರಷರ್‌ನಲ್ಲಿ ಇಪ್ಪತ್ತೈದು ವರ್ಷ ದುಡಿದ. ಈಗ ಅರವತ್ತು ದಾಟಿದೆ, ಮನೆಯಲ್ಲೇ ಇದ್ದಾನೆ. ಅತ್ತಿಗೆ ಒಂದು ದಿನ ಅವನನ್ನು ಎಳೆದುಕೊಂಡೇ ಬಂದರು. "ನೋಡಮ್ಮಾ ನಿಮ್ಮಣ್ಣನ್ನ. ಇವರಿಗೆ ಬೇಕಾದ್ದಷ್ಟೇ ಕೇಳ್ತೈತೆ. ನಾನು ಅಡುಗೆ ಮನೆಯಿಂದ ಗಂಟಲು ಹರ್ಕೊಂಡ್ರೂ ತಿರುಗಲ್ಲ, ರಸ್ತೇಲಿ ಯಾರೋ ಅಬ್ಬಾ ಅಂದ್ರೆ ಸಾಕು, ಕತ್ತು ತಿರುಗ್ತೈತೆ." ಅಣ್ಣನ ಉತ್ತರವೂ ಸಿದ್ಧ ಇತ್ತು. "ಕಿವಿ ಚೆನ್ನಾಗೈತೆ. ಇವಳು ಮಾತು ನುಂಗ್ತಾಳೆ."

ಈ ಎರಡೂ ಮಾತು ನಾನು ವಾರಕ್ಕೆ ಹತ್ತು ಸಲ ಕೇಳುತ್ತೇನೆ. ಬೇಕಾದ್ದು ಮಾತ್ರ ಕೇಳಿಸುತ್ತೆ ಎಂದು ಮನೆಯವರು, ಎಲ್ಲರೂ ಮಾತು ನುಂಗ್ತಾರೆ ಎಂದು ಕಿವಿ ಮಂದ ಆದವರು. ಇಬ್ಬರೂ ಸುಳ್ಳು ಹೇಳುತ್ತಿರುವುದಿಲ್ಲ, ಇಬ್ಬರೂ ನೊಂದಿರುತ್ತಾರೆ.

ಅದಕ್ಕೆ ಒಂದು ತಿಂಗಳ ಹಿಂದೆ ಅವರ ಮನೆಯಲ್ಲಿ ಊಟಕ್ಕೆ ಕೂತಿದ್ದೆವು. ಅಣ್ಣನೇ ಬಡಿಸುತ್ತಿದ್ದ. ನಾನು "ಸಾಕು" ಅಂದೆ. ಅವನು ಇನ್ನೊಂದು ಸೌಟು ಸಾರು ಹಾಕಿದ. "ಸಾಕು, ಸಾಕು" ಅಂದೆ, ಮತ್ತೊಂದು ಸೌಟು. ಎಲ್ಲರೂ ನಕ್ಕರು, ಅಣ್ಣನ ಪ್ರೀತಿ ಅಂದರು. ನಾನು ನಗಲಿಲ್ಲ. ಸಾಕು ಅನ್ನುವ ಮಾತಿನಿಂದ ಸ ತೆಗೆದರೆ ಉಳಿಯುವುದು ಆಕು. ನಮ್ಮ ಕಡೆ ಹಾಕು ಅನ್ನುವುದೂ ಅರ್ಧ ಸಲ ಆಕು ಅಂತಲೇ ಕೇಳಿಸುತ್ತದೆ. ಅವನಿಗೆ ನಾನು ಹಾಕು, ಹಾಕು ಎಂದೇ ಹೇಳುತ್ತಿದ್ದೆ.

ಟೆಸ್ಟ್ ಮಾಡುವ ರೂಮಿನಲ್ಲಿ ಅವನನ್ನು ಕೂರಿಸಿ, ತಲೆಗೆ ಹೆಡ್‌ಫೋನ್ ಹಾಕಿ, ಕೈಗೆ ಬಟನ್ ಕೊಟ್ಟೆ. ಎಷ್ಟೇ ಸಣ್ಣಗೆ ಕೇಳಿಸಿದರೂ ಒತ್ತು ಅಂದೆ. ಸ್ವರ ಎಷ್ಟು ತೆಳು ಅನ್ನುವುದಕ್ಕೆ ಹರ್ಟ್ಸ್ ಅಳತೆ, ಎಷ್ಟು ಜೋರು ಅನ್ನುವುದಕ್ಕೆ ಡೆಸಿಬಲ್. 250, 500 ಹರ್ಟ್ಸ್‌ನ ದಪ್ಪ ಸ್ವರಗಳು 20 ಡೆಸಿಬಲ್‌ಗೇ ಕೇಳಿಸಿದವು, ಅಂದರೆ ಪೂರ್ತಿ ನಾರ್ಮಲ್. 1000ಕ್ಕೆ 25, ಅದೂ ಸರಿ. 2000ಕ್ಕೆ 40. 4000 ಹರ್ಟ್ಸ್‌ಗೆ ಬಂದಾಗ ಶಬ್ದ ಏರಿಸುತ್ತಾ ಹೋದೆ. 40, 50, 60. ಶಬ್ದ ಹೋಗುತ್ತಿದೆ ಎಂದು ನನ್ನ ಯಂತ್ರದ ದೀಪ ಹೊತ್ತಿ ತೋರಿಸುತ್ತಿದೆ. ಗಾಜಿನ ಆಚೆ ಅಣ್ಣ ಬಟನ್ ಮೇಲೆ ಹೆಬ್ಬೆರಳಿಟ್ಟು, ಶಬ್ದ ಯಾವಾಗ ಬರುತ್ತದೋ ಎಂದು ನನ್ನ ಮುಖವನ್ನೇ ನೋಡುತ್ತಾ ಕಾಯುತ್ತಿದ್ದಾನೆ. 65ಕ್ಕೆ ಒತ್ತಿದ. 8000ಕ್ಕೆ 55. ಗೆರೆ ಎಳೆದರೆ 4000ದ ಹತ್ತಿರ ಗುಂಡಿ ಬಿದ್ದ ಹಾಗೆ ಕಾಣುತ್ತದೆ. ಯಂತ್ರದ ಸದ್ದಿನಲ್ಲಿ ದುಡಿದವರ ಕಿವಿಯ ಗುರುತು ಅದು.

ಒಳಕಿವಿಯಲ್ಲಿ ಶಂಖದ ಹಾಗೆ ಸುತ್ತಿಕೊಂಡ ಒಂದು ಕೊಳವೆ ಇದೆ. ಅದರಲ್ಲಿ ಸುಮಾರು 15,000 ಕೂದಲು ಕೋಶಗಳಿವೆ. ಒಂದು ತುದಿಯವು ತೆಳು ಸ್ವರಕ್ಕೆ, ಇನ್ನೊಂದು ತುದಿಯವು ದಪ್ಪ ಸ್ವರಕ್ಕೆ. ಗದ್ದಲದಿಂದ ಮೊದಲು ಪೆಟ್ಟು ತಿನ್ನುವುದು ತೆಳು ಸ್ವರದ ಕಡೆಯವು, ಹೋದವು ಮತ್ತೆ ಹುಟ್ಟುವುದಿಲ್ಲ. 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆಗಿಂತ ಹೆಚ್ಚು ಇರಬಾರದು, ಪ್ರತಿ 3 ಡೆಸಿಬಲ್ ಏರಿದಾಗ ಆ ಹೊತ್ತು ಅರ್ಧಕ್ಕೆ ಇಳಿಯುತ್ತದೆ ಎಂಬುದು ನಾವು ಇಟ್ಟುಕೊಳ್ಳುವ ಲೆಕ್ಕ. 88ಕ್ಕೆ 4 ಗಂಟೆ, 91ಕ್ಕೆ 2. ಕ್ರಷರ್ ಪಕ್ಕ ನಿಂತವರಿಗೆ ಈ ಲೆಕ್ಕ ಯಾರೂ ಹೇಳಿರಲಿಲ್ಲ. ಕಿವಿಗೆ ಹತ್ತಿ ಇಟ್ಕೊಂಡಿದ್ದೆ ಅನ್ನುತ್ತಾನೆ. ಹತ್ತಿ ಹೆಚ್ಚೇನೂ ತಡೆಯಲ್ಲ, ಫೋಮ್ ಪ್ಲಗ್ ಅಥವಾ ಇಯರ್ ಮಫ್ ಬೇಕು. ಈ ಸಾಲನ್ನು ಇಲ್ಲಿನ ಜೀನ್ಸ್ ಘಟಕಗಳಲ್ಲಿ, ಗಣಿಗಳಲ್ಲಿ ದುಡಿಯುವವರು ದಯವಿಟ್ಟು ಎರಡು ಸಲ ಓದಿ.

ಹಾಗಾದರೆ ಅಬ್ಬಾ ಹೇಗೆ ಕೇಳಿಸುತ್ತದೆ? ಆ ಪದವನ್ನೇ ಬಿಡಿಸಿ ನೋಡಿ. ಅ, ಬ, ಆ. ಅ ಮತ್ತು ಆ ಸ್ವರಗಳ ಬಲವೆಲ್ಲ ಹೆಚ್ಚು ಕಮ್ಮಿ 1500 ಹರ್ಟ್ಸ್ ಒಳಗೇ ಇದೆ, ಬ ಅದಕ್ಕಿಂತ ದಪ್ಪ. ಅಣ್ಣನ ಕಿವಿ ಗಟ್ಟಿಯಾಗಿ ಉಳಿದಿರುವ ಜಾಗವೂ ಅದೇ. ಸ, ಶ ಇರುವುದು ಮೇಲೆ, 4000ದ ಆಸುಪಾಸು ಮತ್ತು ಅದರಾಚೆ, ಅವನ ಗುಂಡಿ ಬಿದ್ದ ಜಾಗದಲ್ಲಿ. ಅದಕ್ಕೇ ಸೊಪ್ಪು ತನ್ನಿ ಅಂದರೆ ಉಪ್ಪು ತರುತ್ತಾನೆ. ಜೊತೆಗೆ ಅಬ್ಬಾ ಅವನಿಗೆ ಪ್ರಾಣ. ಮೆದುಳಿಗೆ ಅದರ ಅರ್ಧ ಚೂರು ಸಿಕ್ಕರೂ ಉಳಿದದ್ದನ್ನು ತಾನೇ ತುಂಬಿಕೊಳ್ಳುತ್ತದೆ. ಅಡುಗೆ ಮನೆಯಿಂದ ಬರುವ ಹೊಸ ಮಾತಿಗೆ, ಮುಖವೂ ಕಾಣದ ಮಾತಿಗೆ, ಮಿಕ್ಸಿಯ ಸದ್ದಿನ ಜೊತೆ ಬರುವ ಮಾತಿಗೆ ಹಾಗೆ ತುಂಬಿಕೊಳ್ಳಲು ಆಧಾರವೇ ಇರಲ್ಲ. ಬೇಕಾದ್ದು ಮಾತ್ರ ಕೇಳಿಸುತ್ತೆ ಅನ್ನುವ ಮನೆಯವರ ಮಾತು ಒಂದು ರೀತಿಯಲ್ಲಿ ಸರಿಯೇ, ಆದರೆ ಅದರಲ್ಲಿ ಅವನ ಹಟ ಒಂದಿಷ್ಟೂ ಇಲ್ಲ. ಇದನ್ನು ಗೆರೆ ತೋರಿಸಿ ಹೇಳಿದಾಗ ಅತ್ತಿಗೆ ಬಹಳ ಹೊತ್ತು ಆ ಕಾಗದವನ್ನೇ ನೋಡುತ್ತಾ ಕೂತರು. "ನಾನು ಹತ್ತು ವರ್ಷ ಬೈದೆನಲ್ಲಮ್ಮಾ" ಅಂದರು.

ಮನೆಯವರಿಗೆ ನಾನು ಹೇಳುವುದು ಇಷ್ಟು. ಕೂಗಬೇಡಿ. ಕೂಗಿದರೆ ಅ, ಆ, ಓ ದೊಡ್ಡದಾಗುತ್ತವೆ, ಸ ಅಷ್ಟು ದೊಡ್ಡದಾಗಲ್ಲ. ಅದಕ್ಕೇ ಅವರು "ಯಾಕೆ ಕಿರುಚ್ತೀಯ" ಅನ್ನುತ್ತಾರೆ, ಮಾತು ಮಾತ್ರ ತಿಳಿದಿರಲ್ಲ. ಮೊದಲು ಹೆಸರು ಹಿಡಿದು ಕರೆಯಿರಿ, ಅವರು ತಿರುಗಲಿ, ಆಮೇಲೆ ಮುಖ ಕಾಣುವ ಹಾಗೆ ನಿಧಾನ ಹೇಳಿ. ತಿಳಿಯದಿದ್ದರೆ ಅದೇ ಮಾತನ್ನು ಬೇರೆ ಪದದಲ್ಲಿ ಹೇಳಿ. ಸಾಕು ಅನ್ನುವ ಬದಲು ಬೇಡ ಅಂದಿದ್ದರೆ ಅವತ್ತು ನನ್ನ ತಟ್ಟೆ ತುಂಬುತ್ತಿರಲಿಲ್ಲ.

ಸಾಧನ ಹಾಕಿಸಿದೆವು. ಮೊದಲ ವಾರ ಕಷ್ಟಪಟ್ಟ. ತಟ್ಟೆಯ ಸದ್ದು, ಪೇಪರಿನ ಸರಸರ, ಎಲ್ಲ ಜಾಸ್ತಿ. ಮೆದುಳು ಹತ್ತು ವರ್ಷದಿಂದ ಕೇಳದ್ದನ್ನು ಮತ್ತೆ ಕಲಿಯಲು ಕೆಲವು ವಾರ ಬೇಕು, ಅಷ್ಟರಲ್ಲೇ ತೆಗೆದು ಕಪಾಟಿಗೆ ಇಡುವವರೇ ಜಾಸ್ತಿ. ಅಣ್ಣನಿಗೆ ತಡೆಯಲಾಗದ್ದು ಬೇರೆಯದೇ. "ಮಾತು ಚೆನ್ನಾಗೈತೆ. ಹಾಡು ತಗಡು ಬಡಿದಂಗೈತೆ" ಅಂದ.

ಅದು ನಿಜ. ಈ ಸಾಧನಗಳನ್ನು ಮಾತಿಗಾಗಿ ಮಾಡಿರುತ್ತಾರೆ. ಒಂದೇ ಸಮನೆ ಎಳೆಯುವ ಸ್ವರ ಬಂದರೆ ಗದ್ದಲ ಎಂದುಕೊಂಡು ಅದನ್ನು ತಗ್ಗಿಸುತ್ತವೆ, ಕೊಳಲಿನಂಥ ಸ್ವರ ಬಂದರೆ ಸಾಧನವೇ ಆಗಾಗ ಹೊರಡಿಸುವ ಸೀಟಿ ಎಂದುಕೊಂಡು ಅಳಿಸಲು ಹೋಗುತ್ತವೆ. ಅಬ್ಬಾ ಹಾಡುಗಳು ಇದಕ್ಕೆ ಇನ್ನೂ ಕಠಿಣ. ಅವರ ಸೌಂಡ್ ಎಂಜಿನಿಯರ್ ಮೈಕೆಲ್ ಟ್ರೆಟೋ ಆ ಇಬ್ಬರು ಹೆಂಗಸರ ದನಿಯನ್ನು ಮೇಲಿಂದ ಮೇಲೆ ರೆಕಾರ್ಡ್ ಮಾಡುತ್ತಿದ್ದರು, ಪ್ರತಿ ಸಲ ಟೇಪಿನ ವೇಗವನ್ನು ಒಂದು ಕೂದಲಷ್ಟು ಬದಲಿಸಿ. ಇಬ್ಬರ ದನಿ ಹತ್ತು ಜನರ ದನಿಯ ಹಾಗೆ ತುಂಬಿಕೊಳ್ಳುವುದು ಅದರಿಂದ. ಅದಕ್ಕೆ ನಾನು ಸಾಧನದಲ್ಲಿ ಸಂಗೀತಕ್ಕೇ ಬೇರೆ ಪ್ರೋಗ್ರಾಂ ಹಾಕಿದೆ. ಗದ್ದಲ ತಗ್ಗಿಸುವುದನ್ನು ಬಂದ್ ಮಾಡಿದೆ, ಸೀಟಿ ಅಳಿಸುವುದನ್ನು ಆದಷ್ಟು ಕಡಿಮೆ ಮಾಡಿದೆ, ಜೋರು ಸದ್ದನ್ನು ಅದುಮುವುದನ್ನು ಸಡಿಲ ಮಾಡಿದೆ. ಒಂದು ಬಟನ್ ಒತ್ತಿದರೆ ಅದಕ್ಕೆ ಬದಲಾಗುತ್ತದೆ. ನಿಮ್ಮ ಮನೆಯಲ್ಲಿ ಸಾಧನ ಹಾಕಿಕೊಂಡವರು ಹಾಡು ಕೇಳುವುದನ್ನು ಬಿಟ್ಟಿದ್ದರೆ, ಇದನ್ನು ನಿಮ್ಮ ಆಡಿಯಾಲಜಿಸ್ಟ್ ಹತ್ತಿರ ಬಾಯಿಬಿಟ್ಟು ಕೇಳಿ. ಸುಮಾರು ಸಾಧನಗಳಲ್ಲಿ ಈ ಸೌಲಭ್ಯ ಇರುತ್ತದೆ.

ಆ ಭಾನುವಾರ ಅಣ್ಣನ ಮನೆಗೆ ಹೋದೆ. ಅದೇ ಹಳೇ ಟೂ-ಇನ್-ಒನ್ ಒರೆಸಿ ಇಟ್ಟಿದ್ದ. ಅದೇ ಕ್ಯಾಸೆಟ್. ಸಂಗೀತದ ಪ್ರೋಗ್ರಾಂಗೆ ಹಾಕಿಕೊಂಡು ಪ್ಲೇ ಒತ್ತಿದ. ಹಾಡು ಇನ್ನೂ ಶುರುವಾಗಿರಲಿಲ್ಲ, ಅಣ್ಣ ಥಟ್ಟನೆ ಕೈ ಎತ್ತಿದ.

"ಏನೋ ಸುಸ್ ಅಂತೈತಲ್ಲ. ಕ್ಯಾಸೆಟ್ ಹಾಳಾಯ್ತಾ?"

"ಅದು ಟೇಪಿನ ಸದ್ದು ಅಣ್ಣ. ಮೊದಲಿಂದಲೂ ಇತ್ತು."

"ಮೊದಲಿಂದಲೂ ಇತ್ತಾ?" ಅಂದ. ಕ್ಯಾಸೆಟ್ ಹಿಂದಕ್ಕೆ ಸುತ್ತಿ, ಹಾಡಿಗೆ ಮುಂಚಿನ ಆ ನಾಲ್ಕು ಸೆಕೆಂಡನ್ನು ಮತ್ತೆ ಹಾಕಿದ.