ಒಂದು ಪಂಪು, ಐದು ಅಲಾರಂ: ಸ್ಕ್ರೀನಿನಲ್ಲಿ ಬಣ್ಣ ಯಾವುದು?

ನೀರಿನ ಪಂಪ್‌ಹೌಸಿನ ಸ್ಕಾಡಾ (ಯಂತ್ರಗಳನ್ನು ಕಂಪ್ಯೂಟರಿನಲ್ಲಿ ನೋಡಿ ನಡೆಸುವ ವ್ಯವಸ್ಥೆ) ಸ್ಕ್ರೀನು. ಅದರಲ್ಲೊಂದು ಪಂಪಿನ ಚಿತ್ರ. ಆ ಪಂಪಿಗೆ ಐದು ಅಲಾರಂ: ಮೋಟಾರ್ ಟ್ರಿಪ್ (ತೊಂದರೆಯಾಗಿ ಮೋಟಾರ್ ತಾನೇ ನಿಲ್ಲುವುದು), ಬೇರಿಂಗ್ ಬಿಸಿ, ವೈಬ್ರೇಶನ್ ಜಾಸ್ತಿ, ಸಕ್ಷನ್ ಪ್ರೆಶರ್ (ಪಂಪಿನೊಳಗೆ ಬರುವ ನೀರಿನ ಒತ್ತಡ) ಕಡಿಮೆ, ಪಿಎಲ್‌ಸಿ (ಪಂಪನ್ನು ನಡೆಸುವ ಪುಟ್ಟ ಕಂಪ್ಯೂಟರ್) ಸಂಪರ್ಕ ಇಲ್ಲ. ಹೊಸದಾಗಿ ಈ ಕೆಲಸಕ್ಕೆ ಬಂದವರು ಒಂದೊಂದು ಅಲಾರಂಗೂ ಒಂದೊಂದು ಕಲರ್ ಅನಿಮೇಶನ್ (ಷರತ್ತು ನಿಜವಾದರೆ ಚಿತ್ರದ ಬಣ್ಣ ಬದಲಿಸುವ ನಿಯಮ) ಹಾಕಿಬಿಡುತ್ತಾರೆ. ಒಂದೇ ಅಲಾರಂ ಬಂದಾಗ ಏನೂ ತೊಂದರೆ ಇಲ್ಲ. ಎರಡು ಒಟ್ಟಿಗೆ ಬಂದಾಗ ಟ್ರಿಪ್ ಆದ ಪಂಪು ಕೆಂಪಾಗದೆ, ವೈಬ್ರೇಶನ್ನಿನ ಹಳದಿಯಲ್ಲೇ ನಿಂತಿರುತ್ತದೆ. ಯಾಕೆಂದರೆ ಹಳದಿಯ ಷರತ್ತನ್ನು ಕೊನೆಗೆ ಬರೆದಿದ್ದರು, ಅಷ್ಟೇ.

ಒಟ್ಟಿಗೆ ಬಂದರೆ ಯಾವುದು ಮೇಲು? ಇದು ಮೊದಲು ತೀರ್ಮಾನ ಆಗಬೇಕು, ಅದೂ ಆಪರೇಟರ್ ಮತ್ತು ಮೇಂಟೆನೆನ್ಸಿನವರ ಜೊತೆ ಕೂತು. ನಾನು ಸಂಪರ್ಕವನ್ನು ಎಲ್ಲಕ್ಕಿಂತ ಮೇಲೆ ಇಡುತ್ತೇನೆ. ಸಂಪರ್ಕ ಹೋದ ಮೇಲೆ ಉಳಿದ ನಾಲ್ಕೂ ಹಳೆಯ ಸುದ್ದಿ, ನಂಬುವಂತಿಲ್ಲ. ಆಮೇಲೆ ಟ್ರಿಪ್. ಮೂರನೆಯದು ಸಕ್ಷನ್ ಪ್ರೆಶರ್. ವೈಬ್ರೇಶನ್ನಿಗಿಂತ ಇದು ಮೇಲೆ ಯಾಕೆ ಅಂದರೆ, ಸಕ್ಷನ್ ಕಡಿಮೆಯಾದರೆ ಕ್ಯಾವಿಟೇಶನ್ (ನೀರಿನಲ್ಲಿ ಆವಿಯ ಗುಳ್ಳೆಗಳೆದ್ದು ಒಡೆಯುವುದು) ಆಗುತ್ತದೆ, ಅದರಿಂದ ಪಂಪು ನಡುಗುತ್ತದೆ, ಹಾಗೇ ಬಿಟ್ಟರೆ ಬೇರಿಂಗಿಗೂ ಪೆಟ್ಟು. ಆಪರೇಟರ್ ಮೊದಲು ನೋಡಬೇಕಾದ್ದು ಮೂಲ ಕಾರಣವನ್ನು, ಅಲ್ವಾ?

ಕ್ರಮ ಗೊತ್ತಾದ ಮೇಲೆ ಚಿತ್ರದಲ್ಲಿ ಯಾವ ಷರತ್ತೂ ಬೇಡ. ಐದೂ ಅಲಾರಂ ನೋಡಿ ಒಂದೇ ಒಂದು ಸಂಖ್ಯೆ ಕೊಡುವ ಟ್ಯಾಗ್ (ಸ್ಕಾಡಾದಲ್ಲಿ ಹೆಸರಿಟ್ಟ ಒಂದು ಮೌಲ್ಯ) ಮಾಡಿ. ಚಿತ್ರ ಆ ಸಂಖ್ಯೆ ನೋಡಿ ಬಣ್ಣ ಹಾಕಿಕೊಳ್ಳಲಿ. ಇಗ್ನಿಷನ್ ಎಂಬ ಸ್ಕಾಡಾ ಸಾಫ್ಟ್‌ವೇರಿನ ಬಿನ್‌ಎನಮ್ (binEnum) ಫಂಕ್ಷನ್ ಇದಕ್ಕೆಂದೇ ಇದ್ದ ಹಾಗಿದೆ: ಕೊಟ್ಟ ಪಟ್ಟಿಯನ್ನು ಮೇಲಿನಿಂದ ನೋಡುತ್ತಾ ಹೋದರೆ ಮೊದಲು ಸಿಗುವ ನಿಜವಾದ ಷರತ್ತು ಎಷ್ಟನೆಯದು ಎಂದು ಹೇಳುತ್ತದೆ, ಯಾವುದೂ ನಿಜವಲ್ಲದಿದ್ದರೆ 0. ಬೇರೆ ಕಡೆ ಸಾದಾ ಇಫ್-ಎಲ್ಸ್ ಸಾಕು. ಆದರೆ ಈ ಲೆಕ್ಕವನ್ನು ಪೂರ್ತಿ ಪಿಎಲ್‌ಸಿ ಒಳಗೆ ಇಡಬೇಡಿ. ಸಂಪರ್ಕ ಕಡಿದುಹೋಗಿದೆ ಅನ್ನುವುದನ್ನು ಪಿಎಲ್‌ಸಿ ನಮಗೆ ತಿಳಿಸುವುದಾದರೂ ಹೇಗೆ? ಪಿಎಲ್‌ಸಿಯಲ್ಲಿ ಒಂದು ಕೌಂಟರ್ ಓಡುತ್ತಿರಲಿ. ಅದು ಕೆಲವು ಸೆಕೆಂಡ್ ನಿಂತರೆ ಸ್ಕಾಡಾ ತಾನೇ ಸಂಪರ್ಕ ಇಲ್ಲ ಎಂದುಕೊಳ್ಳಲಿ.

ಈಗ ಬಣ್ಣದ ವಿಷಯ. ನಮ್ಮ ಮೋಟಾರ್ ಪ್ಯಾನೆಲ್‌ಗಳಲ್ಲಿ ಸಾಮಾನ್ಯವಾಗಿ ಕೆಂಪು ದೀಪ ಅಂದರೆ ಆನ್, ಹಸಿರು ಅಂದರೆ ಆಫ್. ಸ್ಕ್ರೀನಿನಲ್ಲಿ ಹಸಿರು ಪಂಪು ಅಂದರೆ ಓಡುತ್ತಿದೆ, ಕೆಂಪು ಅಂದರೆ ಟ್ರಿಪ್. ಅದೇ ರೂಮಿನಲ್ಲಿ, ಅದೇ ಆಪರೇಟರ್‌ಗೆ, ಎರಡು ತದ್ವಿರುದ್ಧ ಅರ್ಥ! ಇದು ನನಗೆ ತುಂಬಾ ಅಪಾಯವಾಗಿ ಕಾಣುತ್ತದೆ. ಪಂಪು ಓಡುತ್ತಿದ್ದರೆ ಬಿಳಿ, ನಿಂತಿದ್ದರೆ ಗಾಢ ಬೂದು ಮಾಡಿ. ಕೆಂಪು, ಹಳದಿಗಳನ್ನು ಅಲಾರಂಗೆ ಮಾತ್ರ ಮೀಸಲಿಡಿ, ಅದೂ ಪಂಪಿನ ಸುತ್ತ ಚೌಕಟ್ಟಾಗಿ. ಪಕ್ಕದಲ್ಲಿ 1, 2, 3 ಎಂದು ಆದ್ಯತೆಯ ಅಂಕಿಯೂ ಇರಲಿ. ಯಾಕೆಂದರೆ ಗಂಡಸರಲ್ಲಿ ಸಾಕಷ್ಟು ಜನಕ್ಕೆ (ಯುರೋಪ್ ಮೂಲದವರಲ್ಲಿ ಸುಮಾರು 8%) ಕೆಂಪು-ಹಸಿರು ಸರಿಯಾಗಿ ಬೇರೆ ಕಾಣುವುದಿಲ್ಲ. ಮಿಣುಕು ಬೇಕಿರುವುದು ಆಪರೇಟರ್ ಇನ್ನೂ ‘ನೋಡಿದ್ದೇನೆ’ ಎಂದು ಒಪ್ಪಿಕೊಳ್ಳದ ಅಲಾರಂಗೆ ಮಾತ್ರ.

ಒಂದೊಂದೂ ಇರಬಹುದು ಇಲ್ಲದಿರಬಹುದು, ಹಾಗಾಗಿ ಐದು ಅಲಾರಂನಿಂದ 32 ಸ್ಥಿತಿ ಹುಟ್ಟುತ್ತವೆ. ಒಂದೊಂದಕ್ಕೂ ಒಂದೊಂದು ಬಣ್ಣ ಕೊಡಲು ಹೋಗಬೇಡಿ. ಬ್ರಿಟನ್ನಿನ ಮಿಲ್‌ಫರ್ಡ್ ಹೇವನ್ ರಿಫೈನರಿಯಲ್ಲಿ 1994ರ ಜುಲೈ 24ರಂದು ಸ್ಫೋಟವಾಯಿತು. ಅದಕ್ಕೆ ಮುಂಚಿನ 11 ನಿಮಿಷಗಳಲ್ಲಿ ಇಬ್ಬರು ಆಪರೇಟರ್‌ಗಳ ಮುಂದೆ 275 ಅಲಾರಂ ಬಂದಿದ್ದವು. ಅಂಥ ಹೊತ್ತಿನಲ್ಲಿ ಬಣ್ಣದ ಪಟ್ಟಿ ಯಾರ ನೆನಪಿಗೂ ಬರುವುದಿಲ್ಲ. ಉಳಿದ ಅಲಾರಂಗಳು ಪಂಪಿನ ಮೇಲೆ ಕ್ಲಿಕ್ ಮಾಡಿದಾಗ ಪಟ್ಟಿಯಾಗಿ ಬಂದರೆ ಸಾಕು.

ಇನ್ನೊಂದು ಮಾತು, ಬಣ್ಣ ಸುಮ್ನೆ ಬಂದು ಹೋಗಿ ಮಾಡಬಾರದು. ಬೇರಿಂಗ್ ಅಲಾರಂ 80 ಡಿಗ್ರಿಗೆ ಬಂದರೆ 77ಕ್ಕೆ ಇಳಿದ ಮೇಲೇ ಹೋಗಲಿ.

ಸೈಟಿನಲ್ಲಿ ಒಪ್ಪಿಸುವ ಮೊದಲು ಅಲಾರಂಗಳನ್ನು ಒಂದೊಂದಾಗಿ ಅಲ್ಲ, ಜೋಡಿಯಾಗಿ ಫೋರ್ಸ್ ಮಾಡಿ (ಸಾಫ್ಟ್‌ವೇರಿನಲ್ಲಿ ಬೇಕೆಂದೇ ಎಬ್ಬಿಸಿ) ನೋಡಿ. ಐದಕ್ಕೆ ಹತ್ತೇ ಜೋಡಿ, ಅರ್ಧ ಗಂಟೆಯ ಕೆಲಸ. ಆಮೇಲೆ ಐದನ್ನೂ ಒಟ್ಟಿಗೆ ಎಬ್ಬಿಸಿ, ಮೇಲಿನಿಂದ ಒಂದೊಂದೇ ತೆಗೆಯಿರಿ. ಸಂಪರ್ಕದ ಪರೀಕ್ಷೆಯನ್ನು ಮಾತ್ರ ಸಾಫ್ಟ್‌ವೇರಿನಲ್ಲಿ ಫೋರ್ಸ್ ಮಾಡಿ ಮುಗಿಸಬೇಡಿ. ನೆಟ್‌ವರ್ಕ್ ಕೇಬಲ್ಲನ್ನೇ ಎಳೆದು ನೋಡಿ.